ಹೋಗಿ ಬರುತ್ತೇನೆ

ಕನ್ನಡ ನಾಡಿನಲ್ಲಿ ಮನೆಯಿಂದ ಹೊರಡುವವರು ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ. ಬೀದಿಯ ಕೊನೆಯ ಅಂಗಡಿಗೆ ಹೊರಟ ಹುಡುಗನೂ 'ಹೋಗಿ ಬರುತ್ತೇನೆ' ಎಂದೇ ಹೇಳಬೇಕು. ಕಾಶಿಗೆ ಹೊರಟ ಮುದುಕನೂ ಹಾಗೆಯೇ ಹೇಳಬೇಕು. ಮರೆತು 'ಹೋಗ್ತೀನಿ' ಎಂದವನನ್ನು ಹೊಸಿಲಿನಲ್ಲೇ ನಿಲ್ಲಿಸಿ ತಿದ್ದಿ ಕಳುಹಿಸುವ ಅಜ್ಜಿಯಿಲ್ಲದ ಮನೆ ವಿರಳ. ಹೋಗುವ ಮಾತಿನಲ್ಲಿಯೇ ಬರುವ ಮಾತನ್ನೂ ಗಂಟುಹಾಕುವ ಈ ಪದ್ಧತಿಯ ಅರ್ಥವು ಮೈಸೂರಿನ ಸರಸ್ವತೀಪುರದ ಗೃಹಸ್ಥನೊಬ್ಬನಿಗೆ ತಿಳಿದದ್ದು ನಲವತ್ತಾರನೆಯ ವಯಸ್ಸಿನಲ್ಲಿ, 2024ನೆಯ ಇಸವಿಯ ಜೂನ್ 22ರ ಶನಿವಾರ ರಾತ್ರಿ. ಆ ರಾತ್ರಿ ಅವನು ಎಲ್ಲಿಗೂ ಹೊರಟಿರಲಿಲ್ಲ. ಊಟದ ಮೇಜಿನ ಮುಂದೆ ಕುಳಿತೇ ಇದ್ದನು. ಹೊರಟದ್ದು ಜರ್ಮನಿಯಲ್ಲಿದ್ದ ಅವನ ಯಂತ್ರ.

ಯಂತ್ರವೆಂದರೆ ಬಾಡಿಗೆಗೆ ಹಿಡಿದ ಒಂದು ಸರ್ವರ್. ಹಗಲೂ ರಾತ್ರಿಯೂ ಎಚ್ಚರವಾಗಿದ್ದು, ಕೇಳಿದವರಿಗೆ ಕೇಳಿದ ಪುಟವನ್ನು ಒಪ್ಪಿಸುವ ಕಂಪ್ಯೂಟರು. 7,000 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ, ಅಂಥವೇ ಸಾವಿರಾರು ಯಂತ್ರಗಳ ನಡುವೆ, ಯಾವುದೋ ಕಪಾಟಿನ ಯಾವುದೋ ಅಂತಸ್ತಿನಲ್ಲಿ ಅದು ಇದ್ದಿತು. ಬಾಡಿಗೆ ಅಲ್ಲಿ ಕಡಮೆ ಎಂಬುದೊಂದೇ ಅದನ್ನು ಅಲ್ಲಿ ಹಿಡಿದುದಕ್ಕೆ ಕಾರಣ. ಎಂಟು ವರ್ಷಗಳಿಂದ ಅದರ ಯೋಗಕ್ಷೇಮವನ್ನು ನೋಡಿಕೊಂಡು ಬಂದಿದ್ದರೂ ಅವನು ಅದರ ಮುಖವನ್ನು ಕಂಡವನಲ್ಲ. 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ಎಂಬವರು ರಚಿಸಿದ ಎಸ್‌ಎಸ್‌ಎಚ್ ಎಂಬ ಗುಪ್ತ ಸುರಂಗದಂಥ ಏರ್ಪಾಟೊಂದಿದೆ; ಅದರ ಮೂಲಕ ಇಲ್ಲಿ ಒತ್ತಿದ ಅಕ್ಷರವು ಅಲ್ಲಿಗೆ ಹೋಗುವುದು, ಅಲ್ಲಿಯ ಉತ್ತರವು ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲಿಗೆ ಬರುವುದು. ಯಂತ್ರಕ್ಕೂ ಅವನಿಗೂ ಇದ್ದ ನಂಟು ಅಷ್ಟೆ.

ಆ ಯಂತ್ರದ ಹೊಟ್ಟೆಯಲ್ಲಿ ಮನೆಯವರ ಈ-ಮೇಲ್ ಇತ್ತು. ಅದಕ್ಕಿಂತ ಮುಖ್ಯವಾಗಿ, ಅವನ ತಂದೆಯ ಪದಗಳಿದ್ದವು. ತಂದೆ ಹೈಸ್ಕೂಲಿನ ಕನ್ನಡ ಮೇಷ್ಟರಾಗಿ ನಿವೃತ್ತರಾದವರು, ವಯಸ್ಸು ಎಂಬತ್ತೆರಡು. ವರ್ಗವಾಗಿ ಹೋದ ಊರಿನಲ್ಲೆಲ್ಲ ರೈತರ, ಕಮ್ಮಾರರ, ಕುಂಬಾರರ ಬಾಯಿಂದ ಕೇಳಿದ ಮಾತುಗಳನ್ನು ಚೀಟಿಗಳ ಮೇಲೆ ಬರೆದು, ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ತುಂಬಿಟ್ಟುಕೊಂಡಿದ್ದರು. ನಲವತ್ತು ವರ್ಷಗಳ ಬೆಳೆ ಅದು. ಸುಮಾರು ಒಂಬತ್ತು ಸಾವಿರ ಪದ. ಸೊಸೆಯೂ ಮೊಮ್ಮಗಳೂ ಎರಡು ಬೇಸಗೆಗಳನ್ನು ಸವೆಸಿ ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದ್ದರು. ಆ ಬಳಿಕ ಮುದುಕರೇ ಅಕ್ಷರಫಲಕವನ್ನು ಕಲಿತುಕೊಂಡು, ದಿನಕ್ಕೆ ಐದಾರು ಹೊಸ ಪದಗಳನ್ನು ನೇರವಾಗಿ ಯಂತ್ರಕ್ಕೆ ಸೇರಿಸತೊಡಗಿದರು. 'ಇನ್ನು ಚೀಟಿ ಬೇಡ ಅಪ್ಪ, ಅಲ್ಲೇ ಹೊಡೆದುಬಿಡಿ. ಮನೆಗಿಂತ ಅಲ್ಲಿ ಭದ್ರ' ಎಂದು ಹೇಳಿದವನು ಮಗನೇ. ಹೇಳಿ ಮೂರು ತಿಂಗಳಾಗಿತ್ತು. ಆ ಮೂರು ತಿಂಗಳಲ್ಲಿ ಯಂತ್ರದೊಳಗಣ ಪದಗಳ ನಕಲೊಂದನ್ನು ಮನೆಗೆ ತಂದಿಟ್ಟುಕೊಳ್ಳಬೇಕೆಂಬ ಯೋಚನೆ ಅವನಿಗೆ ಪ್ರತಿ ಭಾನುವಾರವೂ ಬರುತ್ತಿತ್ತು. ಪ್ರತಿ ಸೋಮವಾರವೂ ಹೋಗುತ್ತಿತ್ತು.

ಹೀಗಿರಲು ಯಂತ್ರದ ಪಾರುಪತ್ಯಗಾರನನ್ನು ಬದಲಾಯಿಸಬೇಕಾದ ಸಂದರ್ಭ ಬಂದಿತು. ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಆಪರೇಟಿಂಗ್ ಸಿಸ್ಟಂ ಎಂಬ ಒಂದು ವ್ಯವಸ್ಥೆಯುಂಟು. ದೇವಸ್ಥಾನದ ಪಾರುಪತ್ಯಗಾರನು ಉಗ್ರಾಣದಿಂದ ಹಿಡಿದು ಗಂಟೆಯವರೆಗೆ ಎಲ್ಲವನ್ನೂ ವಹಿಸಿಕೊಳ್ಳುವಂತೆ, ಡಿಸ್ಕಿನಲ್ಲಿ ಏನು ಎಲ್ಲಿದೆ, ಯಾರಿಗೆ ಬಾಗಿಲು ತೆರೆಯತಕ್ಕದ್ದು, ಯಾರ ಸರದಿ ಯಾವಾಗ ಎಂಬುದನ್ನೆಲ್ಲ ನಿರ್ಣಯಿಸುವುದು ಅದೇ. ಅವನ ಯಂತ್ರದಲ್ಲಿದ್ದದ್ದು ಸೆಂಟ್‌ಓಎಸ್ ಎಂಬ ಲಿನಕ್ಸಿನ ಏಳನೆಯ ಆವೃತ್ತಿ. 2014ರಲ್ಲಿ ಹೊರಬಂದ ಈ ಏಳನೆಯದಕ್ಕೆ 2024ರ ಜೂನ್ 30 ಕೊನೆಯ ದಿನವೆಂದು ಗೊತ್ತಾಗಿತ್ತು. ಅಂದು ಯಂತ್ರವೇನೂ ನಿಲ್ಲುವುದಿಲ್ಲ. ಆದರೆ ಆಮೇಲೆ ಕಂಡುಬರುವ ಬಿರುಕುಗಳನ್ನು ಮುಚ್ಚಿಕೊಡುವವರು ಇರುವುದಿಲ್ಲ. ಬಿರುಕನ್ನು ಹುಡುಕುವ ಕಳ್ಳರು ಮಾತ್ರ ಇದ್ದೇ ಇರುತ್ತಾರೆ. ಅದೇ ಮನೆತನದ ಎಂಟನೆಯ ಆವೃತ್ತಿಗೆ ಹೋಗೋಣವೆಂದರೆ, 2029ರವರೆಗೆ ಬಾಳಬೇಕಾಗಿದ್ದ ಅದನ್ನು 2021ರ ಕೊನೆಗೇ ನಿಲ್ಲಿಸುವುದಾಗಿ 2020ರ ಡಿಸೆಂಬರಿನಲ್ಲಿ ಸಾರಿ, ಹಾಗೆಯೇ ನಿಲ್ಲಿಸಿಯೂ ಬಿಟ್ಟಿದ್ದರು. ಅದರ ಜಾಗಕ್ಕೆ ಬೇರೆಯವರು ಹೊಸ ಹೆಸರುಗಳಿಂದ ಕಟ್ಟಿದ ವ್ಯವಸ್ಥೆಗಳಿದ್ದವು. ಅವನು ಆರಿಸಿಕೊಂಡದ್ದು 1993ರಲ್ಲಿ ಇಯಾನ್ ಮರ್ಡಾಕ್ ಎಂಬ ತರುಣನು ತನ್ನ ಹೆಸರನ್ನೂ ಗೆಳತಿ ಡೆಬ್ರಾಳ ಹೆಸರನ್ನೂ ಬೆಸೆದು ನಾಮಕರಣ ಮಾಡಿದ ಡೆಬಿಯನ್ ಎಂಬುದನ್ನು. 2023ರ ಜೂನಿನಲ್ಲಿ ಬಂದ ಅದರ ಹನ್ನೆರಡನೆಯ ಆವೃತ್ತಿಗೆ 'ಬುಕ್‌ವರ್ಮ್', ಎಂದರೆ ಪುಸ್ತಕದ ಹುಳು ಎಂದು ಹೆಸರು. ಇದನ್ನು ಕೇಳಿ ತಂದೆ ಬಹಳ ಸಂತೋಷಪಟ್ಟರು. 'ನನ್ನ ಚೀಟಿಗಳಿಗೆ ತಕ್ಕವನೇ ಸಿಕ್ಕಿದ' ಎಂದರು.

ಕಣ್ಣೆದುರಿಗಿರುವ ಕಂಪ್ಯೂಟರಿನಲ್ಲಿ ಈ ಬದಲಾವಣೆ ಒಂದು ಮಧ್ಯಾಹ್ನದ ಕೆಲಸ. ತಪ್ಪಿದರೆ ತೆರೆಯ ಮೇಲೆ ಏನೋ ಬರೆದು ತೋರಿಸುತ್ತದೆ. ಓದಿ, ತಿದ್ದಿ, ಮತ್ತೆ ಗುಂಡಿಯೊತ್ತಬಹುದು. ದೂರದ ಯಂತ್ರಕ್ಕೆ ಆ ಭಾಗ್ಯವಿಲ್ಲ. ಹಳೆಯ ವ್ಯವಸ್ಥೆ ಮಲಗಿ ಹೊಸದು ಏಳುವ ಮೂರು ನಿಮಿಷಗಳಲ್ಲಿ ಯಜಮಾನನಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಹೊಸದು ತನ್ನ ಜಾಲದ ಕೊಂಡಿಯನ್ನು ತಾನೇ ಗುರುತಿಸದಿದ್ದರೆ, ಡಿಸ್ಕಿನ ಭಾಗವೊಂದರ ಗುರುತು ಒಂದಕ್ಷರ ತಪ್ಪಿದ್ದರೆ, ಕಾವಲಿನ ನಿಯಮವು ಯಜಮಾನನ ಬಾಗಿಲನ್ನೇ ಮುಚ್ಚಿಬಿಟ್ಟರೆ, ಅದು ಎದ್ದು ಕುಳಿತು, ಏನೋ ಬೇಕೆಂದು ಬರಿಯ ಕೋಣೆಗೆ ಹೇಳುತ್ತ ಉಳಿದುಬಿಡುತ್ತದೆ. ಕೇಳುವವರು ಅಲ್ಲಿ ಯಾರೂ ಇಲ್ಲ.

ಇದಕ್ಕೆ ಅವನು ಓದಿ ತಿಳಿದುಕೊಂಡ ಉಪಾಯ ಜಾಣತನದ್ದಾಗಿತ್ತು. ಯಂತ್ರದಲ್ಲಿ ಒಂದೇ ಬಗೆಯ ಎರಡು ಡಿಸ್ಕುಗಳಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ಮೂಡುವಂತೆ ಕನ್ನಡಿಯ ಜೋಡಿಯಾಗಿ ಅವನ್ನು ಹೊಂದಿಸಿತ್ತು. ಜ್ಞಾಪಕಶಕ್ತಿ ಸಾಲದಾದಾಗ ಬಳಸಲೆಂದು ಪ್ರತಿ ಡಿಸ್ಕಿನಲ್ಲಿಯೂ 8 ಗಿಗಾಬೈಟಿನ ಒಂದು ಮೂಲೆಯನ್ನು ಬಿಟ್ಟಿತ್ತು. ಆ ಮೂಲೆಗಳಲ್ಲಿ ಒಂದನ್ನು ತೆರವುಮಾಡಿ, ಹಳೆಯದು ಓಡುತ್ತಿರುವಾಗಲೇ ಹೊಸ ವ್ಯವಸ್ಥೆಯನ್ನು ಅದರೊಳಗೆ ಹೂಡಿದನು. ಈಗ ಒಂದೇ ಮನೆಯಲ್ಲಿ ಇಬ್ಬರು ಪಾರುಪತ್ಯಗಾರರು. ಬೆಳಿಗ್ಗೆ ಯಾರನ್ನು ಎಬ್ಬಿಸಬೇಕೆಂಬುದನ್ನು ನಿರ್ಧರಿಸುವವನು ಗ್ರಬ್ ಎಂಬ ಬಾಗಿಲ ಕಾವಲಿನವನು. ಅವನ ಮುಂದೆ ಒಂದು ಚೀಟಿ ಇಡಬಹುದು: 'ಮುಂದಿನ ಒಂದೇ ಒಂದು ಸಲ ಹೊಸಬನನ್ನು ಎಬ್ಬಿಸು, ಆಮೇಲೆ ಯಥಾಪ್ರಕಾರ ಹಳಬನನ್ನೇ ಎಬ್ಬಿಸು.' ಕಾವಲಿನವನು ಚೀಟಿಯನ್ನು ಓದಿ, ಹರಿದೆಸೆದು, ಹೇಳಿದಂತೆ ಮಾಡುತ್ತಾನೆ. ಇದರ ಜೊತೆಗೆ ಹೊಸ ವ್ಯವಸ್ಥೆಯೊಳಗೆ ಒಂದು ಗಡಿಯಾರವನ್ನು ಕಟ್ಟಿಟ್ಟನು: ಎದ್ದ ಹತ್ತು ನಿಮಿಷದೊಳಗೆ ಯಜಮಾನನು ಬಂದು ತನ್ನನ್ನು ನಿಲ್ಲಿಸದಿದ್ದರೆ ಯಂತ್ರವು ತಾನಾಗಿ ಮತ್ತೆ ಮಲಗಿ ಏಳಬೇಕು. ಹೊಸದು ಕೆಟ್ಟರೂ ಹತ್ತು ನಿಮಿಷದಲ್ಲಿ ಹಳೆಯದು ಬಂದೇ ಬರುವುದು. ಇಷ್ಟು ಭದ್ರತೆಯಿದ್ದ ಮೇಲೆ ನಕಲೇಕೆ? ಹತ್ತು ನಿಮಿಷದ ದಾರಿಗೆ ಬುತ್ತಿ ಯಾರು ಕಟ್ಟುತ್ತಾರೆ?

ರಾತ್ರಿ ಹನ್ನೊಂದೂ ಹತ್ತಕ್ಕೆ ಅಪ್ಪಣೆ ಕೊಟ್ಟನು. ಸುರಂಗ ಮುಚ್ಚಿಕೊಂಡಿತು. ಮೂರು ನಿಮಿಷವಾಯಿತು, ಕೂಗಿದರೆ ಓಗೊಡಲಿಲ್ಲ. ಪರವಾಗಿಲ್ಲ, ಹೊಸದು ಏನೋ ತಪ್ಪಿದೆ, ಹಳೆಯದು ಬರುತ್ತದೆ ಎಂದು ಕಾದನು. ಹದಿನೈದು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಹನ್ನೆರಡು ಹೊಡೆಯಿತು. ಅಲ್ಲಿಂದ ಯಾವ ಉತ್ತರವೂ ಇಲ್ಲ. ಮೂರು ತಿಂಗಳ ಪದಗಳು ಅವನ ಕಣ್ಣ ಮುಂದೆ ಸುಳಿದವು. ತೆರವುಮಾಡಿದ ಮೂಲೆ ಸರಿಯಾದ ಮೂಲೆಯೇ ಹೌದೆ ಎಂಬ ಸಂದೇಹವೂ ಆಗಲೇ ಹುಟ್ಟಬೇಕೆ?

ಬಾಡಿಗೆಯ ಕಂಪನಿಯವರು ಇಂಥ ಆಪತ್ತಿಗೆಂದೇ ಒಂದು ಹಿಂಬಾಗಿಲನ್ನು ಇಟ್ಟಿರುತ್ತಾರೆ. ಅವರ ಪುಟಕ್ಕೆ ಹೋಗಿ ಕೇಳಿದರೆ, ಯಂತ್ರವನ್ನು ಅದರ ಡಿಸ್ಕುಗಳ ಹಂಗಿಲ್ಲದೆ, ಜಾಲದ ಮೂಲಕ ತಂದ ಪುಟ್ಟ ವ್ಯವಸ್ಥೆಯೊಂದರಿಂದ ಎಬ್ಬಿಸಿ ಕೊಡುತ್ತಾರೆ. ಅವನು ಆ ಪುಟಕ್ಕೆ ಹೋದನು. ಬಹುಕಾಲದ ಮೇಲೆ ಬಂದದ್ದರಿಂದ, ನೀವೇ ಹೌದೆಂದು ತಿಳಿಯಲು ನಿಮ್ಮ ಈ-ಮೇಲಿಗೆ ಒಂದು ಸಂಖ್ಯೆಯನ್ನು ಕಳುಹಿಸಿದ್ದೇವೆ, ಅದನ್ನು ಇಲ್ಲಿ ಬರೆಯಿರಿ ಎಂದಿತು. ಆ ಈ-ಮೇಲ್ ಬರುವುದು ಎಲ್ಲಿಗೆ? ಅದೇ ಯಂತ್ರಕ್ಕೆ.

ಒಂದು ಗಂಟೆಯ ಹೊತ್ತಿಗೆ ನೀರಿಗೆಂದು ಎದ್ದ ತಂದೆ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಮಗನ ಮುಖವನ್ನು ನೋಡಿದರು.

'ಏನೋ ಅದು, ಇನ್ನೂ ಮಲಗಿಲ್ಲ?'

ಮಗನು ಮುಚ್ಚಿಡಲಾರದೆ ಎಲ್ಲವನ್ನೂ ಹೇಳಿದನು. ಅವರು ಕುರ್ಚಿ ಎಳೆದುಕೊಂಡು ಕುಳಿತು ಸಾವಧಾನವಾಗಿ ಕೇಳಿದರು.

'ಅಂದ್ರೆ, ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಂಡಿದೀಯ.'

'ಹೌದು ಅಪ್ಪ.'

'ಅದಿರಲಿ. ಆ ಗಡಿಯಾರದ ಮಾತು ಹೇಳಿದೆಯಲ್ಲ, ಅದು ಹಗೇವಿನ ಲೆಕ್ಕ ಕಣೋ. ನೀನು ನೋಡಿಲ್ಲ. ನೆಲದೊಳಗೆ ಬಾವಿಯ ಹಾಗೆ ತೋಡಿ ರಾಗಿ ತುಂಬಿ ಮುಚ್ಚಿಟ್ಟಿರ್ತಿದ್ರು. ತೆಗೆದ ತಕ್ಷಣ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಮನುಷ್ಯ ಅಲ್ಲೇ ಕುಸಿದು ಹೋಗ್ತಿದ್ದ. ಅದಕ್ಕೇ ಮೊದಲು ದೀಪ ಇಳಿಸಿ ನೋಡ್ತಿದ್ರು. ಆಮೇಲೂ ಇಳಿಯೋವನ ಸೊಂಟಕ್ಕೆ ಹಗ್ಗ. ಮೇಲಿದ್ದವರು ಕೂಗೋದು, ಅವನು "ಓ" ಅನ್ನೋದು. "ಓ" ಅನ್ನಲಿಲ್ಲವೋ, ಎಳೆದುಬಿಡೋದು.'

'ನಾನೂ ಹಗ್ಗ ಕಟ್ಟಿದ್ದೆನಲ್ಲ ಅಪ್ಪ!'

'ಕಟ್ಟಿದೆ, ಸರಿ. ಮೇಲೆ ಹಿಡಿದುಕೊಂಡಿದ್ದವರು ಯಾರು?'

ಮಗನಲ್ಲಿ ಉತ್ತರವಿರಲಿಲ್ಲ. ತಂದೆ ಮಾತನ್ನು ಬದಲಿಸಿ, ಆ ಕಂಪನಿಯವರಿಗೆ ಮನುಷ್ಯರ ದೂರವಾಣಿ ಎಂಬುದು ಇಲ್ಲವೋ ಎಂದು ಕೇಳಿದರು. ಇತ್ತು, ರಾತ್ರಿಯೂ ಇತ್ತು. ಕರೆ ಮಾಡಿದಾಗ ಅತ್ತ ಕಡೆಯವರು ಸೌಜನ್ಯದಿಂದಲೇ, ಗ್ರಾಹಕರ ಸಂಖ್ಯೆಯನ್ನೂ ಇತ್ತೀಚಿನ ರಸೀತಿಯ ಸಂಖ್ಯೆಯನ್ನೂ ಹೇಳಬೇಕೆಂದರು. ರಸೀತಿಗಳೆಲ್ಲ ಬರುತ್ತಿದ್ದುದು ಈ-ಮೇಲಿನಲ್ಲಿ. ವರಮಾನ ತೆರಿಗೆಯ ಲೆಕ್ಕಕ್ಕೆಂದು ತಿಂಗಳು ತಿಂಗಳೂ ಒಂದು ಪ್ರತಿಯನ್ನು ಅಚ್ಚು ತೆಗೆಯುತ್ತಿದ್ದುದುಂಟು. ಆದರೆ ಲೆಕ್ಕ ಬರೆದುಕೊಂಡ ಮೇಲೆ ಆ ಕಾಗದಗಳು ಏನಾಗುತ್ತಿದ್ದವೋ ಅವನಿಗೆ ತಿಳಿಯದು.

ತಂದೆ ಎದ್ದು ತಮ್ಮ ಕೋಣೆಗೆ ಹೋದರು. ಬಹಳ ಹೊತ್ತು ತಗಡಿನ ಸದ್ದಾಯಿತು. ಕೊನೆಗೆ ಒಂದು ಬಿಸ್ಕತ್ತಿನ ಡಬ್ಬವನ್ನೇ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು. ಒಳಗೆ ಚೀಟಿಗಳು, ಒಂದು ಕಡೆ ಖಾಲಿಯಿದ್ದ ಕಾಗದಗಳನ್ನು ನಾಲ್ಕಾಗಿ ಕತ್ತರಿಸಿ ಮಾಡಿದವು. ಚೀಟಿಯ ಮುಂಭಾಗದಲ್ಲಿ ಮೇಷ್ಟರ ದುಂಡಕ್ಷರದಲ್ಲಿ ಒಂದೊಂದು ಪದ, ಅರ್ಥ, ಕೇಳಿದ ಊರು. ಹಿಂಭಾಗದಲ್ಲಿ ಜರ್ಮನಿಯ ರಸೀತಿಯ ಕಾಲುಭಾಗ. ಮಗನು ನಾಲ್ಕು ಚೂರುಗಳನ್ನು ಹೊಂದಿಸಿ ನೋಡಿದನು: ಮೇ ತಿಂಗಳ ರಸೀತಿ.

'ಅಪ್ಪ, ಇದು ಮೇ ತಿಂಗಳದು. ಚೀಟಿ ಬರೆಯೋದು ನಿಲ್ಲಿಸಿಲ್ಲವೇ ನೀವು?'

ಮುದುಕರು ತುಸು ನಾಚಿದರು. 'ನೀನು ಬೇಡ ಅಂದೆ, ನಿಜ. ಕೈ ಕೇಳಬೇಕಲ್ಲಪ್ಪ! ಅಲ್ಲಿಗೂ ಹೊಡೀತೀನಿ, ಇಲ್ಲೂ ಒಂದು ಬರೆದಿಡ್ತೀನಿ. ನಿನಗೆ ಬೇಜಾರಾದೀತು ಅಂತ ಹೇಳಲಿಲ್ಲ.'

ಮಗನು ಡಬ್ಬದ ಕಡೆಗೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದನು. ಭದ್ರವೆಂದು ತಾನು ತೋರಿಸಿದ ಜಾಗದ ಮೇಲೆ ತನಗಿದ್ದಷ್ಟು ಭರವಸೆ ತಂದೆಗೆ ಇರಲಿಲ್ಲ; ಆದರೂ ಅದನ್ನು ಒಂದು ದಿನವೂ ಆಡಿ ತೋರಿಸಿರಲಿಲ್ಲ.

ಸಂಖ್ಯೆಗಳನ್ನು ಹೇಳಿದ ಮೇಲೆ ಕಂಪನಿಯವರು ದಾಖಲೆಯಲ್ಲಿದ್ದ ದೂರವಾಣಿಗೆ ತಾವೇ ಕರೆ ಮಾಡಿ ಖಚಿತಪಡಿಸಿಕೊಂಡು, ಮೂರೂ ಕಾಲರ ಹೊತ್ತಿಗೆ ಯಂತ್ರವನ್ನು ಹಿಂಬಾಗಿಲಿನಿಂದ ಎಬ್ಬಿಸಿಕೊಟ್ಟರು. ಅವನು ಒಳಹೊಕ್ಕು ಮಾಡಿದ ಮೊದಲನೆಯ ಕೆಲಸ, ಪದಗಳೆಲ್ಲವನ್ನೂ ಮನೆಗೆ ನಕಲು ಮಾಡಿಕೊಂಡದ್ದು. ಒಂದೂ ಕೆಟ್ಟಿರಲಿಲ್ಲ. ಎರಡನೆಯದು, ಆದದ್ದೇನೆಂದು ಹುಡುಕಿದ್ದು. ಹೊಸ ವ್ಯವಸ್ಥೆಯ ದಿನಚರಿಯಲ್ಲಿ ಎಲ್ಲವೂ ಬರೆದಿತ್ತು. ಹಳೆಯದರಲ್ಲಿ ಜಾಲದ ಕೊಂಡಿಯ ಹೆಸರು 'ಈಥ್0' ಎಂದಿತ್ತು. ಅವನು ಹೊಸದಕ್ಕೂ ಅದೇ ಹೆಸರನ್ನು ಬರೆದುಕೊಟ್ಟಿದ್ದನು. ಹೊಸದಾದರೋ ಅದೇ ಕೊಂಡಿಯನ್ನು, ಅದು ಕೂತಿರುವ ಸ್ಥಾನವನ್ನು ನೋಡಿ, 'ಎನ್‌ಪಿ4ಎಸ್0' ಎಂದು ಕರೆಯುತ್ತಿತ್ತು. ಆದ್ದರಿಂದ ಈಥ್0 ಎಂಬವನಿಗಾಗಿ ಕಾದು, ಅವನು ಬಾರದೆ, ಹತ್ತು ನಿಮಿಷಕ್ಕೆ ಗಡಿಯಾರ ಹೊಡೆದು, ನಿಯಮದಂತೆ ಮಲಗಿ ಎದ್ದಿತ್ತು. ಎದ್ದವನು ಹಳಬನಲ್ಲ, ಮತ್ತೆ ಅದೇ ಹೊಸಬ. ಹೀಗೆ ಹತ್ತೊಂಬತ್ತು ಬಾರಿ.

ಚೀಟಿಯೇಕೆ ಹರಿದುಹೋಗಲಿಲ್ಲ? ಈ ಸಂಗತಿ ಸೂಕ್ಷ್ಮವಾದದ್ದು. ಗ್ರಬ್ ಎಂಬ ಕಾವಲಿನವನು ಯಾವ ವ್ಯವಸ್ಥೆಯೂ ಏಳುವುದಕ್ಕೆ ಮೊದಲೇ ಎದ್ದಿರತಕ್ಕವನು; ಅವನ ಶಕ್ತಿ ಅಲ್ಪ. ಕನ್ನಡಿಯ ಜೋಡಿಯಾಗಿ ಹೊಂದಿಸಿದ ಡಿಸ್ಕುಗಳಿಂದ ಅವನು ಓದಬಲ್ಲನು, ಅವುಗಳ ಮೇಲೆ ಬರೆಯಲಾರನು. ಬರೆದರೆ ಜೋಡಿಯ ಸಮತೆ ಕೆಡುವುದೆಂದು ಅವನಿಗೆ ಆ ಅಧಿಕಾರವನ್ನೇ ಕೊಟ್ಟಿಲ್ಲ. 'ಒಂದು ಸಲ ಮಾತ್ರ' ಎಂಬ ಚೀಟಿ ಅಲ್ಲಿಯೇ ಇತ್ತು. ಅವನು ಅದನ್ನು ಓದಿದನು, ಅಳಿಸಹೋದನು, ಆಗಲಿಲ್ಲವೆಂದು ತೆರೆಯ ಮೇಲೆ ಒಂದು ಸಾಲು ಬರೆದನು. ಯಾರೂ ನೋಡದ ಆ ತೆರೆಯ ಮೇಲೆ ಹತ್ತೊಂಬತ್ತು ಸಲವೂ ಪ್ರಾಮಾಣಿಕವಾಗಿ ಬರೆದಿದ್ದನು. ಮಗನು ಇದನ್ನು ವಿವರಿಸಿದಾಗ ತಂದೆ, 'ಹಾಗಾದರೆ ಮೇಲಕ್ಕೆ ಎಳೆದವರೇ ಮತ್ತೆ ಹಗೇವಿಗೆ ತಳ್ಳಿದರು ಅನ್ನು' ಎಂದರು.

ದೂರದ ಯಂತ್ರವನ್ನು ಆಳುವವರೆಲ್ಲರಿಗೂ ಈ ಭಯ ಉಂಟು. ದೂರ ಹೆಚ್ಚಿದಷ್ಟೂ ಭಯವೂ ಹೆಚ್ಚು. 1976ರ ಜುಲೈ 20ರಂದು ಮಂಗಳಗ್ರಹದ ಮೇಲೆ ಇಳಿದ ಅಮೆರಿಕದ ವೈಕಿಂಗ್ 1 ಎಂಬ ನೌಕೆ, ತೊಂಬತ್ತು ದಿನ ಬಾಳಲೆಂದು ಕಟ್ಟಿದ್ದು, ಆರು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು. 1982ರ ನವೆಂಬರಿನಲ್ಲಿ ಅದರ ಮುಪ್ಪಾದ ಬ್ಯಾಟರಿಯ ಆರೈಕೆಗೆಂದು ಭೂಮಿಯಿಂದ ಹೊಸ ಆಜ್ಞೆಗಳನ್ನು ಕಳುಹಿಸಿದರು. ಕಳುಹಿಸಿದ್ದು ಹೋಗಿ ಕುಳಿತದ್ದು, ಆಂಟೆನಾವನ್ನು ಭೂಮಿಯ ಕಡೆಗೆ ತಿರುಗಿಸುವ ಲೆಕ್ಕವಿದ್ದ ಜಾಗದ ಮೇಲೆ. ನೌಕೆಯು ಮುಖ ತಿರುಗಿಸಿತು, ಮತ್ತೆ ಮಾತಾಡಲಿಲ್ಲ. ತಿದ್ದಬೇಕೆಂದರೆ ಕೇಳುವ ಕಿವಿಯೇ ಇಲ್ಲವಾಗಿತ್ತು. 2012ರ ಆಗಸ್ಟಿನಲ್ಲಿ ಅದೇ ಗ್ರಹಕ್ಕೆ ಹೋದ ಕ್ಯೂರಿಯಾಸಿಟಿ ಎಂಬ ಬಂಡಿಯಲ್ಲಿ ಒಂದರಂತೆಯೇ ಇರುವ ಎರಡು ಕಂಪ್ಯೂಟರುಗಳನ್ನು ಇಟ್ಟು ಕಳುಹಿಸಿದ್ದರು. 2013ರ ಫೆಬ್ರವರಿಯಲ್ಲಿ ಒಂದರ ಜ್ಞಾಪಕ ಕೆಟ್ಟಾಗ ಎರಡನೆಯದಕ್ಕೆ ಅಧಿಕಾರವನ್ನು ವರ್ಗಾಯಿಸಿದರು. 2018ರಲ್ಲಿ ಆ ಎರಡನೆಯದು ತೊಂದರೆಗೆ ಬಂದಾಗ, ಅಕ್ಟೋಬರಿನಲ್ಲಿ ಮೊದಲನೆಯದನ್ನೇ ಮತ್ತೆ ಕರೆದು ಕೂರಿಸಿ ಪರೀಕ್ಷೆ ನಡೆಸಿದರು. ಹೋಗಿದ್ದವರು ಬಂದರು, ಏಕೆಂದರೆ ಬರುವ ದಾರಿಯನ್ನು ಭೂಮಿಯ ಮೇಲಿದ್ದಾಗಲೇ ಕಟ್ಟಿತ್ತು.

ಮರುವಾರ, ಜೂನ್ 29ರ ಶನಿವಾರ, ಗೃಹಸ್ಥನು ಎರಡನೆಯ ಬಾರಿ ಸಿದ್ಧನಾದನು. ಈ ಸಲ ಅವನು ಹೋಗುವ ಸಿದ್ಧತೆಗಿಂತ ಬರುವ ಸಿದ್ಧತೆಯನ್ನೇ ಹೆಚ್ಚಾಗಿ ಮಾಡಿದ್ದನು. ಎರಡನೆಯ ಡಿಸ್ಕಿನ ಖಾಲಿ ಮೂಲೆಯನ್ನು ಜೋಡಿಯಿಂದ ಹೊರಗೇ ಇಟ್ಟು, ಗ್ರಬ್ಬಿನ ಚೀಟಿ ಅಲ್ಲಿರುವಂತೆ ಮಾಡಿದನು. ಅಲ್ಲಿ ಕಾವಲಿನವನು ಬರೆಯಲೂ ಬಲ್ಲನು, ಅಳಿಸಲೂ ಬಲ್ಲನು. ಜಾಲದ ಕೊಂಡಿಯನ್ನು ಹೆಸರಿನಿಂದಲ್ಲದೆ ಅದರ ಮೈಮೇಲೆ ಕೊರೆದ ಸಂಖ್ಯೆಯಿಂದ ಗುರುತಿಸುವಂತೆ ಬರೆದನು. ಕಂಪನಿಯ ಗುಪ್ತಸಂಖ್ಯೆ ಬರುವ ಈ-ಮೇಲನ್ನು ಬೇರೆಡೆಗೆ ಬದಲಾಯಿಸಿದನು. ಗ್ರಾಹಕರ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ತಂದೆಯ ಡಬ್ಬಕ್ಕೆ ಹಾಕಿದನು. ಇಷ್ಟೆಲ್ಲ ಆದ ಮೇಲೂ ಹೊರಡಲಿಲ್ಲ. ಹೊಸ ವ್ಯವಸ್ಥೆಯ ಜಾಲವನ್ನು ಬೇಕೆಂದೇ ಕೆಡಿಸಿ, ಹಾಗೆ ಕೆಟ್ಟದ್ದನ್ನು ಒಮ್ಮೆ ಎಬ್ಬಿಸಿದನು.

'ಕೆಡುತ್ತೆ ಅಂತ ಗೊತ್ತಿದ್ದೂ ಕಳಿಸ್ತಿದೀಯಲ್ಲ!' ಎಂದರು ತಂದೆ.

'ದೀಪ ಇಳಿಸಿ ನೋಡ್ತಿದೀನಿ ಅಪ್ಪ.'

ಮೂರು ನಿಮಿಷ ಓಗೊಡಲಿಲ್ಲ; ಹತ್ತು ನಿಮಿಷ ಓಗೊಡಲಿಲ್ಲ. ತಂದೆ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ಹದಿನೈದನೆಯ ನಿಮಿಷಕ್ಕೆ ಹಳೆಯ ಸೆಂಟ್‌ಓಎಸ್ ತಾನಾಗಿ ಎದ್ದು, ಏನೂ ನಡೆಯದವನಂತೆ 'ಓ' ಎಂದಿತು. ಮಗನ ಮುಖ ಅರಳಿದ್ದು ಆಗಲೇ. ಆಮೇಲೆ ಕೆಡಿಸಿದ್ದನ್ನು ಸರಿಪಡಿಸಿ, ಹೊಸ ಡೆಬಿಯನ್ನನ್ನು ಎಬ್ಬಿಸಿ, ಅದು ಮೂರೇ ನಿಮಿಷದಲ್ಲಿ ಮಾತಾಡಿದಾಗ ಅವನಿಗೆ ಅಷ್ಟು ಸಂತೋಷವಾಗಲಿಲ್ಲ. ಹೋಗುವುದು ಆ ಹೊತ್ತಿಗೆ ಸಣ್ಣ ಸಂಗತಿಯಾಗಿಬಿಟ್ಟಿತ್ತು. ಗಡಿಯಾರವನ್ನು ನಿಲ್ಲಿಸಿದನು. ಆದರೂ ಹೊಸಬನಿಗೆ ಖಾಯಂ ಪಟ್ಟ ಕಟ್ಟಲು ಇನ್ನೂ ಮೂರು ದಿನ ತಡೆದನು; ಹಳಬನನ್ನು ಮನೆಯಿಂದ ಕಳುಹಿಸಲು ಮೂರು ತಿಂಗಳು ತಡೆದನು.

ಮರುದಿನ ಬೆಳಿಗ್ಗೆ ತಂದೆ ಮೊದಲ ಪದವನ್ನು ಹೊಸ ವ್ಯವಸ್ಥೆಗೆ ಸೇರಿಸಿದರು: ಹಗೇವು. ಅದು ಒಂಬತ್ತು ಸಾವಿರದಲ್ಲಿ ಸೇರದೆ ಉಳಿದುಹೋಗಿತ್ತಂತೆ. ಅರ್ಥದ ಕೆಳಗೆ, ಇಳಿಯುವ ಕ್ರಮವನ್ನೂ ಎರಡು ಸಾಲಿನಲ್ಲಿ ಬರೆದರು. ಮಗನು ಏನನ್ನೂ ಹೇಳದೆ, ಲೆಕ್ಕ ಮುಗಿದ ಹಳೆಯ ರಸೀತಿಯೊಂದನ್ನು ನಾಲ್ಕಾಗಿ ಕತ್ತರಿಸಿ ಅವರ ಪಕ್ಕದಲ್ಲಿಟ್ಟನು. ಅವರು ಒಂದು ಚೂರನ್ನು ತೆಗೆದುಕೊಂಡು, ಅದೇ ಪದವನ್ನು ದುಂಡಗೆ ಬರೆದು, ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು.

ಆಮೇಲೆ ಕೊಡೆ ತೆಗೆದುಕೊಂಡು ಎದ್ದರು. ಭಾನುವಾರದ ಬೆಳಿಗ್ಗೆ ಹಳೆಯ ಮೇಷ್ಟರುಗಳೆಲ್ಲ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕಲೆಯುವ ವಾಡಿಕೆ. ಹೊಸಿಲಲ್ಲಿ ನಿಂತು ಜೇಬು ಮುಟ್ಟಿ ನೋಡಿಕೊಂಡರು.

'ಬೀಗದ ಕೈ ಇಟ್ಕೊಂಡಿದೀನಿ. ಇನ್ನೊಂದು ಪಕ್ಕದ ಮನೆಯವರ ಹತ್ತಿರ ಇದೆ,' ಎಂದರು. 'ಹೋಗಿ ಬರ್ತೀನಿ.'